ಮಗ್ಗಿ ಕಲಿಸಿದ ಊರು

“ನೀನು ಕಾರಲ್ಲೇ ಕೂತಿರು,” ಎಂದು ಅನಸೂಯಮ್ಮ ಹೇಳಿ ಮುಗಿಸುವಷ್ಟರಲ್ಲಿ ಶಿರೀಷಾ ಬಾಗಿಲು ತೆಗೆದು ಇಳಿದೇಬಿಟ್ಟಿದ್ದಳು.

“ಯಾಕ್ ಕೂತಿರ್ಬೇಕು ಮೇಡಮ್? ಕದ್ದಿರೋದು ನಾನಾ, ಅವರಾ?”

ಹದಿನೆಂಟರ ಹುಡುಗಿ. ತಾಯಲೂರಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಚಿನ್ನಮಾನಪಲ್ಲಿಯವಳು. ಸ್ವಂತ ಬುದ್ಧಿಯಿಂದ ಓದಿ ಸರ್ಕಾರಿ ಮೆಡಿಕಲ್ ಸೀಟು ಗಿಟ್ಟಿಸಿದ್ದಳು. ಆ ಸೀಟಿಗೆ ಈಗ ಸಂಚಕಾರ ಬಂದಿತ್ತು. ಈಕೆ ಕರ್ನಾಟಕದಲ್ಲಿ ಓದಿದವಳೇ ಅಲ್ಲ, ಆಂಧ್ರದವಳು ಎಂದು ಯಾರೋ ಪರೀಕ್ಷಾ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದರು. ಯಾರು ಕೊಟ್ಟಿದ್ದೆಂದು ಹೇಳುವುದಿಲ್ಲ ಎಂದು ಅಲ್ಲಿಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

ಸೋಮವಾರ ವಿಚಾರಣೆ. ಈ ರಾಜ್ಯದಲ್ಲಿ ಏಳು ವರ್ಷವಾದರೂ ಓದಿದ್ದೇನೆ ಎಂದು ಶಿರೀಷಾ ತೋರಿಸಿಕೊಡದಿದ್ದರೆ ಸೀಟು ಪಟ್ಟಿಯಲ್ಲಿ ಅವಳ ಕೆಳಗಿರುವವನ ಪಾಲು. ಇವತ್ತು ಶನಿವಾರ.

ಆ ಕೆಳಗಿರುವವನು ಯಾರು? ಈ ಒಂದೇ ಪ್ರಶ್ನೆಯ ಬಾಲ ಹಿಡಿದು ಅನಸೂಯಮ್ಮ ಕೋಲಾರದಿಂದ ಹೊರಟು, ಶ್ರೀನಿವಾಸಪುರ ದಾಟಿ, ಯಲ್ದೂರಿನ ಹೊರಗಿನ ಈ ಮಾವಿನ ತೋಪಿಗೆ ಬಂದಿದ್ದಳು. ಪೊಲೀಸ್ ಇಲಾಖೆಯಲ್ಲಿ ಸೆಲ್ಯೂಟ್ ಹೊಡೆದು ಹೊಡೆದು ಸಾಕಾಗಿ, ರಾಜೀನಾಮೆ ಬಿಸಾಕಿ, ಕೋಲಾರದ ಡೂಂಲೈಟ್ ಸರ್ಕಲ್ ಹತ್ತಿರ ಖಾಸಗಿ ಪತ್ತೇದಾರಿಯ ಬೋರ್ಡು ಹಾಕಿಕೊಂಡವಳು ಅವಳು. ಕಾರು ಓಡಿಸುವ ಓಬೇದುಲ್ಲಾನೂ ಹಿಂದೆ ಪೊಲೀಸ್ ಜೀಪು ಓಡಿಸಿದವನೇ. ಇಬ್ಬರೂ ಒಟ್ಟಿಗೆ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

“ಏನಾದ್ರೂ ಆದ್ರೆ ಒಂದು ಹಾರ್ನ್ ಹೊಡೀರಿ,” ಎಂದಳು ಅನಸೂಯಮ್ಮ.

“ಹಾರ್ನ್ ಯಾಕೆ ಮೇಡಮ್, ನಾನೇ ಬರ್ತೀನಲ್ಲ,” ಎಂದು ಓಬೇದುಲ್ಲಾ ಕಾರಿಗೆ ಒರಗಿ ನಿಂತ.

ತೋಪಿನ ನಡುವಿನ ಶೆಡ್ಡಿನ ಮುಂದೆ ಲಾರಿ ನಿಂತಿತ್ತು. ಹಂಗಾಮಿನ ಕೊನೆಯ ತೋತಾಪುರಿ ಮಾವು. ಹಮಾಲಿಗಳು ಕ್ರೇಟು ಎತ್ತಿ ಎತ್ತಿ ಕೊಡುತ್ತಿದ್ದರು. ಬಿಳಿ ಅಂಗಿಯ, ದಪ್ಪ ಮೀಸೆಯ ಸುಬ್ರಮಣಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮಾಲೂರಿನಲ್ಲಿ ಇಟ್ಟಿಗೆ ಗೂಡು, ಅದರ ದುಡ್ಡಿನಲ್ಲಿ ಒಂದು ಕೋಚಿಂಗ್ ಸೆಂಟರು, ಯಲ್ದೂರಿನಲ್ಲಿ ಈ ತೋಪು. ಮೂರೂ ಅವನದೇ. ಲಾರಿಯ ಪಕ್ಕ ನಿಂತು ಲೋಡು ನೋಡಿಕೊಳ್ಳುತ್ತಿದ್ದ ಕನ್ನಡಕದ ಹುಡುಗ ಅವನ ಅಕ್ಕನ ಮಗ ನರೇಶ್. ಪಟ್ಟಿಯಲ್ಲಿ ಶಿರೀಷಾಳ ಕೆಳಗಿದ್ದವನು ಇವನೇ.

“ಬನ್ನಿ ಮೇಡಮ್, ಬನ್ನಿ,” ಎಂದು ಸುಬ್ರಮಣಿ ಎದ್ದ. ಶಿರೀಷಾಳನ್ನು ಕಂಡು ಅವನ ಮುಖ ಸ್ವಲ್ಪ ಬಿಗಿಯಾಯಿತು. “ಈ ಮಗೂನ್ನ ಯಾಕೆ ಕರ್ಕೊಂಡ್ ಬಂದ್ರಿ? ಬಿಸಿಲು.”

“ಬಿಸಿಲಲ್ಲೇ ಬೆಳೆದಿರೋದು ಸಾರ್,” ಎಂದಳು ಶಿರೀಷಾ.

ಅನಸೂಯಮ್ಮ ಕುರ್ಚಿ ಎಳೆದುಕೊಂಡು ಕೂತಳು. ನೀರು ಬೇಡ, ಕಾಫಿ ಬೇಡ, ಹಣ್ಣೂ ಬೇಡ ಎಂದಳು. “ನಿಮ್ಮ ಹುಡುಗನ್ನ ನಾಲ್ಕು ಮಾತು ಕೇಳ್ಬೇಕು ಅಷ್ಟೇ.”

“ಕೇಳಿ, ಅದಕ್ಕೇನಂತೆ? ನಾವೇನು ಕದ್ದು ತಿಂದಿಲ್ಲ. ನರೇಶಾ, ಬಾರೋ ಇಲ್ಲಿ.”

ನರೇಶ್ ಬಂದ. ಒಂದರಿಂದ ಏಳನೇ ಕ್ಲಾಸಿನವರೆಗೆ ಯಲ್ದೂರಿನ ಪಕ್ಕದ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ಓದಿದವನು ಎಂದು ಅವನ ವ್ಯಾಸಂಗ ಪ್ರಮಾಣಪತ್ರ ಹೇಳುತ್ತಿತ್ತು. ಅಲ್ಲಿಗೆ ಸರಿಯಾಗಿ ಏಳು ವರ್ಷ. ಎಂಟರಿಂದ ಹತ್ತು ಆಂಧ್ರದಲ್ಲಿ, ಅಪ್ಪ ಅಮ್ಮನ ಹತ್ತಿರ. ಪಿಯುಸಿ ಮಾಲೂರಿನಲ್ಲಿ, ಮಾವನ ಮನೆಯಲ್ಲಿದ್ದು. ಪಿಯುಸಿ ನಿಜ. ಅದನ್ನು ಅನಸೂಯಮ್ಮ ನಿನ್ನೆಯೇ ವಿಚಾರಿಸಿಕೊಂಡಿದ್ದಳು. ಆದರೆ ಆ ಖಾಸಗಿ ಶಾಲೆ ಮುಚ್ಚಿ ವರ್ಷಗಳೇ ಆಗಿದ್ದವು. ಕೇಳೋಣವೆಂದರೆ ಅಲ್ಲಿ ನರಪಿಳ್ಳೆ ಇಲ್ಲ.

“ಸ್ಕೂಲು ಎಲ್ಲಿತ್ತಪ್ಪಾ?”

“ಊರಿನ ಹೊರಗೆ ಮೇಡಮ್. ಹುಣಸೆಮರದ ಪಕ್ಕ. ಹೆಂಚಿನ ಕಟ್ಟಡ.”

“ಹೆಡ್‌ಮೇಷ್ಟ್ರು?”

“ಅನಿಲ್‌ಕುಮಾರ್ ಸರ್. ಈಗ ತೀರಿಕೊಂಡಿದ್ದಾರೆ.”

“ಮಧ್ಯಾಹ್ನದ ಊಟ?”

“ಮನೆಯಿಂದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆವು.”

ಒಂದೂ ತಪ್ಪಲಿಲ್ಲ. ‘ತೆಗೆದುಕೊಂಡು ಹೋಗುತ್ತಿದ್ದೆವು!’ ಯಲ್ದೂರಿನಲ್ಲಿ ಬೆಳೆದ ಯಾವ ಹುಡುಗ ಹೀಗೆ ಪುಸ್ತಕದ ಕನ್ನಡ ಆಡುತ್ತಾನೆ? ಚೆನ್ನಾಗಿ ಉರು ಹೊಡೆಸಿದ್ದಾರೆ ಎಂದುಕೊಂಡಳು ಅನಸೂಯಮ್ಮ. ಆದರೆ ಉರು ಹೊಡೆದಿದ್ದಾನೆ ಎಂದು ಹೇಗೆ ತೋರಿಸುವುದು? ಸುಬ್ರಮಣಿಯ ಮೀಸೆಯಡಿ ಸಣ್ಣ ನಗೆ ಓಡಾಡುತ್ತಿತ್ತು. ಅದನ್ನು ನೋಡಿ ಅವಳಿಗೆ ಮೈ ಉರಿಯಿತು.

ಅಷ್ಟರಲ್ಲಿ ಲಾರಿಯ ಮೇಲಿನ ಹಮಾಲಿ ಕೂಗಿದ. “ಸಾಮೀ, ಒಂದ್ ಸಾಲಿಗೆ ಎಂಟು, ಏಳು ಸಾಲಾಯ್ತು. ಎಷ್ಟು ಬರ್ಕೊಳ್ಲಿ?”

ನರೇಶ್ ತಿರುಗಿ ನೋಡಿದ. ಕಣ್ಣು ಅರ್ಧ ಮುಚ್ಚಿ ತುಟಿ ಅಲ್ಲಾಡಿಸಿದ.

“ಏಡೆನಿಮಿದುಲು ಯಾಭೈಆರು,” ಎಂದು ಗೊಣಗಿಕೊಂಡು, ಆಮೇಲೆ ಗಟ್ಟಿಯಾಗಿ, “ಐವತ್ತಾರು!” ಎಂದ.

ಅನಸೂಯಮ್ಮ ಕೂತಲ್ಲೇ ನೆಟ್ಟಗಾದಳು.

“ಒಂಬತ್ತು ಸಾಲಾದ್ರೆ ಎಷ್ಟಪ್ಪಾ?” ಎಂದು ಏನೂ ಅರಿಯದವಳ ಹಾಗೆ ಕೇಳಿದಳು.

ಮತ್ತೆ ತುಟಿ ಅಲ್ಲಾಡಿತು. “ತೊಮ್ಮಿದೆನಿಮಿದುಲು... ಎಪ್ಪತ್ತೆರಡು ಮೇಡಮ್.”

“ಸರಿ. ಇನ್ನು ಸುಳ್ಳು ಸಾಕು ನರೇಶಾ. ನೀನು ಏಳನೇ ಕ್ಲಾಸಿನವರೆಗೆ ಓದಿದ್ದು ಎಲ್ಲಿ?”

ಹುಡುಗನ ಮುಖ ಬಿಳಿಚಿತು. ಸುಬ್ರಮಣಿ ಕುರ್ಚಿಯಿಂದ ಎದ್ದ. “ಏನ್ ಮೇಡಮ್ ಇದು? ತೆಲುಗಲ್ಲಿ ಲೆಕ್ಕ ಹಾಕಿದ್ದಕ್ಕಾ? ಇಲ್ಲಿ ಹಮಾಲಿಗಳೂ ತೆಲುಗಲ್ಲೇ ಎಣಿಸ್ತಾರೆ. ನಿಮ್ಮನೇಲಿ ನೀವು ಯಾವ ಭಾಷೆ ಆಡ್ತೀರ?”

“ತೆಲುಗೇ! ನಮ್ಮಮ್ಮ ನನ್ನ ಬೈದಿದ್ದೂ ತೆಲುಗಲ್ಲೇ, ಮುದ್ದು ಮಾಡಿದ್ದೂ ತೆಲುಗಲ್ಲೇ. ಅದಲ್ಲ ಸುಬ್ರಮಣಿಯವ್ರೇ ವಿಷಯ. ಕಾಯಿ ಎಣಿಸೋದನ್ನ ಅಪ್ಪ ಅಮ್ಮ ಕಲಿಸ್ತಾರೆ. ಮಗ್ಗಿ ಕಲಿಸೋದು ಮೇಷ್ಟ್ರು. ಬೆತ್ತದ ಏಟು ತಿಂದು ಯಾವ ಭಾಷೇಲಿ ಮಗ್ಗಿ ಕಲ್ತಿರ್ತೀವೋ, ಸಾಯೋವರೆಗೂ ಲೆಕ್ಕ ಅದ್ರಲ್ಲೇ. ಏಳು ವರ್ಷ ಕನ್ನಡ ಶಾಲೇಲಿ ಕೂತೋನು ಏಡೆನಿಮಿದುಲು ಅಂತಾನಾ?”

“ಕೋರ್ಟಲ್ಲಿ ಮಗ್ಗಿ ಹೇಳಿಸ್ತೀರಾ?” ಎಂದು ಸುಬ್ರಮಣಿ ವ್ಯಂಗ್ಯವಾಡಿದ.

“ಕೋರ್ಟಿಗೆ ಬೇಡ, ನನಗೆ ಸಾಕು. ನಿಮ್ಮ ಅಕ್ಕನ್ನ ಕೊಟ್ಟಿರೋದು ಮದನಪಲ್ಲಿಗೆ. ನಾಳೆ ಅಲ್ಲಿ ಹೋಗಿ ನಿಂತ್ಕೊಂಡ್ರೆ ಒಂದನೇ ಕ್ಲಾಸಿಂದ ಇವನ ಪಕ್ಕದ ಬೆಂಚಲ್ಲಿ ಕೂತಿದ್ದ ಹುಡುಗರು ಹತ್ತು ಜನ ಸಿಗ್ತಾರೆ. ಇಲ್ಲಿ ಯಲ್ದೂರಲ್ಲಿ ಒಬ್ಬನ್ನ ತೋರ್ಸಿ ನೋಡೋಣ.”

ಸುಬ್ರಮಣಿ ಯಾರನ್ನು ತೋರಿಸಿಯಾನು ಪಾಪ!

ಶಿರೀಷಾ ಮುಂದೆ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. “ನನ್ನ ಮನೆ ಮಾತೂ ತೆಲುಗೇ. ಅದಕ್ಕೇ ತಾನೇ ನನ್ನ ಆಂಧ್ರದೋಳು ಅಂದಿದ್ದು? ಕೇಳಿಸ್ಕೊಳ್ಳಿ. ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು, ಏಳ್ಮೂರ್ಲಿ ಇಪ್ಪತ್ತೊಂದು... ಏಳೆಂಟ್ಲಿ ಐವತ್ತಾರು! ನಮ್ಮೂರ ಗೌರ್ಮೆಂಟು ಸ್ಕೂಲಲ್ಲಿ, ಶ್ರೀರಾಮಪ್ಪ ಮೇಷ್ಟ್ರ ಹತ್ರ ಕಲ್ತಿದ್ದು. ನನ್ನ ಸೀಟಿನ ಮೇಲೆ ಕಣ್ಣು ಹಾಕಿ ನನ್ನನ್ನೇ ಕಳ್ಳಿ ಅಂತೀರಾ?”

ಹಮಾಲಿಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಲಾರಿಯ ಮೇಲಿನವನು “ಶಭಾಷ್ ಕಣಮ್ಮಾ,” ಎಂದೇ ಬಿಟ್ಟ.

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ನರೇಶ್ ಸಟ್ಟನೆ ತಲೆ ಎತ್ತಿದ. ಪುಸ್ತಕದ ಕನ್ನಡ ಎಲ್ಲೋ ಹಾರಿಹೋಗಿತ್ತು.

“ಹೌದು, ನಾನು ಮದನಪಲ್ಲೀಲೇ ಓದಿದ್ದು! ಆದ್ರೆ ಪರೀಕ್ಷೆ ನಾನೇ ಬರ್ದಿದೀನಿ, ರ‍್ಯಾಂಕು ನಾನೇ ತಗೊಂಡಿದೀನಿ. ಅಲ್ಲಿ ಈ ರ‍್ಯಾಂಕಿಗೆ ಸೀಟು ಸಿಗ್ತಿರ್ಲಿಲ್ಲ, ಮಾವ ಇಲ್ಲಿ ಬರೋ ಅಂದ್ರು, ಬಂದೆ. ನಾನೊಬ್ನೇನಾ ಸುಳ್ಳು? ಇವಳನ್ನೂ ಕೇಳಿ ಮೇಡಮ್! ನಾಲ್ಕನೇ ಕ್ಲಾಸಲ್ಲಿ ಯಾವ ಮಗ್ಗಿ ಕಲಿಸ್ತಾರೆ? ಹನ್ನೊಂದರಿಂದ ಇಪ್ಪತ್ತು. ಅದನ್ನ ಕೇಳಿ ಇವಳ್ನ!”

“ಬಾಯ್ ಮುಚ್ಚೋ!” ಎಂದು ಸುಬ್ರಮಣಿ ಗದರಿದ.

ಅವನು ಗದರಿದ ರೀತಿ ಅನಸೂಯಮ್ಮನಿಗೆ ಸರಿಬರಲಿಲ್ಲ. ಇವನು ತನ್ನ ಪರವಾಗಿ ಮಾತಾಡುವ ಸೋದರಳಿಯನ ಬಾಯಿ ಯಾಕೆ ಮುಚ್ಚಿಸುತ್ತಾನೆ?

“ಹದಿಮೂರೇಳ್ಲಿ ಎಷ್ಟು ಶಿರೀಷಾ?” ಎಂದು ಮೆಲ್ಲಗೆ ಕೇಳಿದಳು.

“ತೊಂಬತ್ತೊಂದು.”

ಉತ್ತರ ಸರಿ. ಆದರೆ ಅದಕ್ಕೆ ಮೊದಲು ಆ ಹುಡುಗಿಯ ತುಟಿ ಅಲ್ಲಾಡಿದ್ದನ್ನು ಅನಸೂಯಮ್ಮ ಕಂಡಿದ್ದಳು. ಪದಮೂಡು ಏಡುಲು, ತೊಂಭೈ ಒಕಟಿ. ಶಿರೀಷಾಗೂ ಅದು ಗೊತ್ತಾಗಿ ತುಟಿ ಕಚ್ಚಿಕೊಂಡಳು.

ಅಯ್ಯೋ ಹುಡುಗಿ! ಇಷ್ಟು ದಿನ ಜೊತೆಗೆ ಸುತ್ತಾಡಿ, ಒಂದೇ ಡಬ್ಬಿಯಲ್ಲಿ ಊಟ ಮಾಡಿ, ಇದೊಂದು ಮಾತು ಹೇಳಬಾರದಿತ್ತೇ?

“ನನ್ನ ಹತ್ರಾನೂ ಮುಚ್ಚಿಟ್ಯಾ?”

ಶಿರೀಷಾ ಗಲ್ಲ ಎತ್ತಿದಳು. “ಹೌದು, ನಾಲ್ಕನೇ ಕ್ಲಾಸು ಅಲ್ಲಿ ಓದಿದೀನಿ. ಅಜ್ಜಿ ಮನೇಲಿದ್ದು, ಗಡಿ ಆಚೆ. ಒಂದೇ ವರ್ಷ. ಆ ವರ್ಷ ಮಾಲೂರಲ್ಲಿ ಇಟ್ಟಿಗೆ ಗೂಡಿನ ಗೋಡೆ ಬಿದ್ದು ಅಪ್ಪ ಹೋಗ್ಬಿಟ್ರು. ಅಮ್ಮ ಅವರ ಜಾಗದಲ್ಲಿ ಕೆಲಸಕ್ಕೆ ಸೇರ್ಕೊಂಡ್ಲು. ನನ್ನ ನೋಡ್ಕೊಳ್ಳೋರಿಲ್ಲ ಅಂತ ಅಜ್ಜಿ ಕರ್ಕೊಂಡ್ ಹೋದ್ರು.”

“ಮತ್ತೆ ನಿನ್ನ ಪ್ರಮಾಣಪತ್ರದಲ್ಲಿ ಹನ್ನೆರಡು ವರ್ಷಾನೂ ಇಲ್ಲೇ ಅಂತ ಇದೆಯಲ್ಲೇ?”

“ನಮ್ಮ ಸ್ಕೂಲಲ್ಲಿ ಇದ್ದಿದ್ದೇ ಬೆರಳೆಣಿಕೆ ಮಕ್ಕಳು ಮೇಡಮ್. ಇನ್ನೊಂದು ತಲೆ ಕಮ್ಮಿ ಆದ್ರೂ ಸ್ಕೂಲು ಮುಚ್ತಾರೆ ಅಂತ ಶ್ರೀರಾಮಪ್ಪ ಮೇಷ್ಟ್ರು ನನ್ನ ಹೆಸರು ತೆಗೀಲೇ ಇಲ್ಲ. ವಾಪಸ್ ಬಂದಾಗ ಸೀದಾ ಐದನೇ ಕ್ಲಾಸಲ್ಲಿ ಕೂರಿಸಿದ್ರು. ನಿಜ ಹೇಳಿದ್ರೆ ಮೇಷ್ಟ್ರಿಗೆ ತೊಂದ್ರೆ ಆಗ್ತದೆ ಅಂತ ಸುಮ್ನಿದ್ದೆ.”

“ಹುಚ್ಚಿ! ಏಳು ವರ್ಷ ಸಾಕಾಗಿತ್ತು ಕಣೇ ನಿಂಗೆ. ಆ ಒಂದು ವರ್ಷ ಬಿಟ್ಟು ಬರೆಸಿದ್ರೂ ಯಾರೂ ಕೇಳ್ತಿರ್ಲಿಲ್ಲ. ಈಗ ನೋಡು, ಹನ್ನೊಂದು ವರ್ಷದ ನಿಜಾನ ಒಂದು ವರ್ಷದ ಸುಳ್ಳು ನುಂಗಿ ಕೂತಿದೆ.”

ಮೇಷ್ಟ್ರು ಮಾಡಿದ್ದು ಉಪಕಾರ. ಶಾಲೆ ಉಳಿಯಲಿ ಎಂದು ಮಾಡಿದ ಉಪಕಾರ. ಇಂಥದನ್ನು ಆ ಕಡೆಯ ಊರುಗಳಲ್ಲಿ ಯಾರೂ ತಪ್ಪು ಎಂದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಫೈಲು ಬಿಚ್ಚಿಕೊಂಡು ಕೂತವರಿಗೆ ಮಾತ್ರ ಅದು ಸುಳ್ಳು ದಾಖಲೆ. ಅನಸೂಯಮ್ಮನಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಅವಳು ನರೇಶನ ಕಡೆ ತಿರುಗಿದಳು.

“ನಾಲ್ಕನೇ ಕ್ಲಾಸು ಅಂತ ನಿಂಗೆ ಹೇಗೆ ಗೊತ್ತಾಯ್ತು? ನನಗೇ ಗೊತ್ತಿರ್ಲಿಲ್ಲ.”

ನರೇಶ್ ಮಾವನ ಮುಖ ನೋಡಿದ.

“ಅವನ ಮುಖ ಯಾಕೆ ನೋಡ್ತೀಯ? ನನ್ನ ನೋಡು. ಮೇಷ್ಟ್ರು ಹೇಳಿರಲ್ಲ, ಅಜ್ಜಿ ತೀರ್ಕೊಂಡು ಯಾವ ಕಾಲವಾಯ್ತೋ. ದೂರು ಕೊಟ್ಟಿದ್ದು ಯಾರು?”

“ನಾನಲ್ಲ ಮೇಡಮ್, ದೇವ್ರಾಣೆ. ಮಾವನ ಸೆಂಟರಿಗೆ ಒಬ್ಬರು ಬಂದಿದ್ರು. ಮಾವ ಬರೆಸಿದ್ರು, ಅವರು ಸೈನ್ ಹಾಕಿದ್ರು. ಹಾಕಿ, ಅಲ್ಲೇ ಮೆಟ್ಲ ಮೇಲೆ ಕೂತು ಅಳ್ತಾ ಇದ್ರು. ಇವಳ ಅಮ್ಮ. ಆವಲಮ್ಮ.”



“ಥೂ, ನಿನ್ನ ಬಾಯಿಗೆ ಹುಳ ಬೀಳ!” ಎಂದು ಕಿರುಚಿದಳು ಶಿರೀಷಾ. “ನನ್ನಮ್ಮ ಕಿವಿ ಓಲೆ ಅಡ ಇಟ್ಟು ನನ್ನ ಓದಿಸಿದ್ದಾಳೆ. ಅವಳು ನನ್ನ ಮೇಲೆ ದೂರು ಕೊಡ್ತಾಳಾ?” ಫೋನು ತೆಗೆದು ನಂಬರು ಒತ್ತಿ ಸ್ಪೀಕರಿಗೆ ಹಾಕಿದಳು. “ಅವಳ ಬಾಯಿಂದಾನೇ ಕೇಳಿಸ್ಕೊಳ್ಳಿ, ಎಲ್ಲಾರೂ.”

“ಏಮೇ ಶಿರೀ, ತಿನ್ನಾವಾ?” ಊಟ ಆಯ್ತಾ ಎಂದು ಕೇಳುವ ಆವಲಮ್ಮನ ದನಿ. ಹಿಂದೆ ಯಾರದೋ ಹಸು ಕೂಗುತ್ತಿತ್ತು.

“ಅಮ್ಮಾ, ನನ್ನ ಮೇಲೆ ದೂರು ಕೊಟ್ಟಿದ್ದು ನೀನಾ?”

ಹಸು ಮತ್ತೆ ಕೂಗಿತು.

“ಅಮ್ಮಾ! ಅಲ್ಲ ಅನ್ನು. ಒಂದೇ ಒಂದು ಮಾತು, ಅಲ್ಲ ಅನ್ನು.”

“ನಾನೇ ಕಣಮ್ಮಾ.”

ಶಿರೀಷಾ ಪಕ್ಕದ ಕ್ರೇಟಿನ ಅಂಚು ಹಿಡಿದುಕೊಂಡಳು.

“ಸೀಟು ಬರೋ ವರ್ಷ ಬರ್ತದೆ, ಬರ್ದೇ ಇದ್ರೆ ಹೋಗ್ತದೆ ಅಂದ್ಕೊಂಡೆ. ಸೈನ್ ಹಾಕ್ಲಿಲ್ಲ ಅಂದ್ರೆ ಆ ವರ್ಷ ನಾನೆಲ್ಲಿದ್ದೆ ಅಂತ ನಿಂಗೆ ಹೇಳ್ಬಿಡ್ತೀನಿ ಅಂದ ಆ ಸುಬ್ರಮಣಿ. ನಿನ್ನ ಕಣ್ಣಲ್ಲಿ ಕೀಳಾಗೋದಕ್ಕಿಂತ...”

“ಎಲ್ಲಿದ್ದೆ ಅಂದ್ರೇನು? ಮಾಲೂರಲ್ಲಿದ್ದೆ, ಗೂಡಲ್ಲಿ.”

“ಇರ್ಲಿಲ್ಲ ಕಣಮ್ಮಾ. ಜೈಲಲ್ಲಿದ್ದೆ. ನಿನ್ನ ಜೊತೆ ಓಡಾಡ್ತಿದಾರಲ್ಲ ಆ ಅನಸೂಯಮ್ಮ, ಅವರನ್ನೇ ಕೇಳು. ನನ್ನ ಕೈ ಹಿಡಿದು ಜೀಪು ಹತ್ತಿಸಿದ್ದು ಅವರೇ.”

ಅನಸೂಯಮ್ಮನಿಗೆ ಆ ದಿನ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಒಬ್ಬ ಹೆಂಗಸನ್ನು ಹಿಡಿಯಬೇಕು, ಮಹಿಳಾ ಪೊಲೀಸ್ ಇಲ್ಲ ಎಂದು ಅವಳನ್ನು ಕೋಲಾರದಿಂದ ಮಾಲೂರಿಗೆ ಕರೆಸಿದ್ದರು. ತನಿಖೆ ಅವಳದಲ್ಲ. ಕೈ ಹಿಡಿದಳು, ಜೀಪು ಹತ್ತಿಸಿದಳು, ಮರುದಿನ ಬೇರೆ ಡ್ಯೂಟಿ. ತಲೆಯೆಲ್ಲ ಇಟ್ಟಿಗೆ ಧೂಳಾಗಿದ್ದ ಆ ಹೆಂಗಸು ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ್ದಳು, ನನ್ನ ಮಗೂಗೆ ಹೇಳ್ಬೇಡಿ ಎಂದು. ಇಷ್ಟು ದಿನವಾದರೂ ಈ ತಾಯಿ ಒಮ್ಮೆಯೂ ತನ್ನ ಮುಂದೆ ಬರಲಿಲ್ಲವಲ್ಲ, ಅದು ಇದಕ್ಕೇ! ಕಾರಿನ ಹತ್ತಿರ ನಿಂತಿದ್ದ ಓಬೇದುಲ್ಲಾ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆವತ್ತು ಜೀಪು ಓಡಿಸಿದ್ದವನು ಅವನೇ.

ಸುಬ್ರಮಣಿ ಹೊಟ್ಟೆ ಕುಣಿಸಿಕೊಂಡು ನಕ್ಕ. “ಹೇಳಿ ಮೇಡಮ್, ಈಗ ಹೇಳಿ! ಕೊಲೆ ಕೇಸು ಕಣಮ್ಮಾ ಶಿರೀಷಾ. ಸಾಕ್ಷಿ ಸಾಲ್ದೇ ವರ್ಷ ಆದ್ಮೇಲೆ ಬಿಟ್ರು. ಸೋಮವಾರ ನೀನು ಅಲ್ಲಿ ಹೋಗಿ ನಾಲ್ಕನೇ ಕ್ಲಾಸಿನ ಕಥೆ ಶುರು ಮಾಡು, ನಿಮ್ಮಮ್ಮನ ಕಥೆ ನಾನು ಶುರು ಮಾಡ್ತೀನಿ. ಸುಮ್ನೆ ಮನೆಗೆ ಹೋಗು.”

ಹುಡುಗಿ ಕುಸಿದು ಬೀಳುತ್ತಾಳೆ ಎಂದುಕೊಂಡು ಅನಸೂಯಮ್ಮ ಕೈ ಚಾಚಿದಳು. ಶಿರೀಷಾ ಆ ಕೈಯನ್ನು ತಳ್ಳಿದಳು.

“ನೀವ್ಯಾಕೆ ಶುರು ಮಾಡ್ತೀರಾ ಸಾರ್? ನಾನೇ ಮಾಡ್ತೀನಿ. ಹನ್ನೊಂದು ವರ್ಷ ಇಲ್ಲಿ ಓದಿದೀನಿ, ಒಂದು ವರ್ಷ ಅಲ್ಲಿ ಓದಿದೀನಿ, ಯಾಕಂದ್ರೆ ಅಮ್ಮ ಜೈಲಲ್ಲಿದ್ಲು ಅಂತ ನನ್ನ ಬಾಯಿಂದಾನೇ ಹೇಳ್ತೀನಿ. ಕೊಟ್ರೆ ಕೊಡ್ಲಿ, ಕಿತ್ಕೊಂಡ್ರೆ ಕಿತ್ಕೊಳ್ಲಿ. ಹೆದರಿ ಬಿಟ್ಟುಕೊಡೋಳಲ್ಲ ನಾನು.” ಅವಳು ಅನಸೂಯಮ್ಮನ ಕಡೆ ತಿರುಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. “ಈಗ ನೀವು ಹೇಳಿ. ಸತ್ತಿದ್ದು ಯಾರು?”

ಹೇಳದೆ ವಿಧಿಯಿರಲಿಲ್ಲ.

“ಕದಿರಪ್ಪ ಅಂತ,” ಎಂದಳು ಅನಸೂಯಮ್ಮ. “ನಿಮ್ಮಪ್ಪ.”

ಶಿರೀಷಾಳ ಕೈಯಲ್ಲಿದ್ದ ಫೋನು ಇನ್ನೂ ಆರಿರಲಿಲ್ಲ. ಅದರೊಳಗಿಂದ ಆವಲಮ್ಮನ ದನಿ ಕೇಳಿತು. ಅಲ್ಲಿಯವರೆಗಿನ ಅಳುಕು ಆ ದನಿಯಲ್ಲಿ ಇರಲಿಲ್ಲ.

“ನಾನು ಕೊಲ್ಲಲಿಲ್ಲ ಶಿರೀ. ಆ ಸುಬ್ರಮಣಿ ಗೂಡಿನ ಗೋಡೆ ಬಿದ್ದು ಸತ್ತಿದ್ದೂ ಸುಳ್ಳು. ನಿಮ್ಮಪ್ಪನ್ನ ಕೊಂದೋನು ಈಗ ನಿನ್ನೆದುರಿಗೇ ನಿಂತು ನಕ್ಕ.”